ಬೇದಿಗೆ ಆಂಟಿಬಯೋಟಿಕ್ ಬರೆಯೋ ಮುಂಚೆ ನಾನು ನೋಡೋದು

ಮದ್ದೂರು ಕಡೆ ಹಳ್ಳಿಲಿ ಕ್ಲಿನಿಕ್ ನಡೆಸ್ತೀನಿ. ಬೀಗರೂಟದ ಸೀಸನ್ನಲ್ಲಿ, ಆಮೇಲೆ ಹೊಸ ಮಳೆ ಬಿದ್ದಾಗ ಬೇದಿ ಕೇಸ್ ಜಾಸ್ತಿ. ಎಷ್ಟೋ ಜನ ಮೆಡಿಕಲ್ ಸ್ಟೋರಲ್ಲಿ ಕೇಳಿ ನಾರ್ಫ್ಲಾಕ್ಸಾಸಿನ್ ಟಿನಿಡಜೋಲ್ ಸೇರಿರೋ ಆಂಟಿಬಯೋಟಿಕ್ ಮಾತ್ರೆ ಎರಡೋ ಮೂರೋ ನುಂಗ್ಕೊಂಡೇ ಬಂದಿರ್ತಾರೆ.

ನಾನು ಮೊದ್ಲು ಕೇಳೋದು ರಕ್ತ ಹೋಗ್ತಿದ್ಯಾ, ಜ್ವರ ಇದ್ಯಾ ಅಂತ. ಎರಡೂ ಇಲ್ಲ, ಬರೀ ನೀರು ನೀರಾಗಿ ಹೋಗ್ತಿದೆ ಅಂದ್ರೆ ಆಂಟಿಬಯೋಟಿಕ್ ಬರೆಯಲ್ಲ, ಅದ್ರಲ್ಲಿ ಬಹುಪಾಲು ತಾನೇ ವಾಸಿ ಆಗುತ್ತೆ, ಬೇಕಿರೋದು ಓಆರ್‌ಎಸ್, ಮಕ್ಕಳಿಗಾದ್ರೆ ಜೊತೆಗೆ ಜಿಂಕ್, 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಹಾಕ್ಬೇಕು, ಲೋಟಕ್ಕೆ ಚೂರು ಚೂರು ಉದುರಿಸ್ಕೊಂಡು ಕುಡಿಯೋದಲ್ಲ, ಇದನ್ನ ಪ್ರತಿಯೊಬ್ಬರಿಗೂ ಹೇಳ್ತೀನಿ. "ಏನ್ ಡಾಕ್ಟ್ರಪ್ಪ, ಒಂದು ಸೂಜಿನೂ ಹಾಕ್ದೆ ಉಪ್ಪುನೀರು ಕೊಟ್ಟು ಕಳುಸ್ತೀಯಲ್ಲ" ಅಂತ ಅಜ್ಜೀರು ಬೈತಾರೆ, ಆಗ "ಕೂತ್ಕಳವ್ವ" ಅಂತ ಅಲ್ಲೇ ಬೆಂಚ್ ಮೇಲೆ ಕೂರ್ಸಿ ಸ್ವಲ್ಪ ಸ್ವಲ್ಪ ಕುಡಿಸ್ತೀನಿ, ಉಚ್ಚೆ ಬಂದು ಕಣ್ಣು ತಿಳಿಯಾದ್ಮೇಲೆ ಅವರಿಗೇ ನಂಬಿಕೆ ಬರುತ್ತೆ. ಅಕ್ಕಿ ತೊಳೆದ ನೀರಿನ ಥರ ಸುರಿದು ಹೋಗ್ತಿದ್ರೆ ಮಾತ್ರ ಕಾಲರಾ ಅಂತ ಅನುಮಾನ, ಅದರ ದಾರಿನೇ ಬೇರೆ, ಡ್ರಿಪ್ ಹಾಕಿ ತಕ್ಷಣ ಸರ್ಕಾರಿ ಆಸ್ಪತ್ರೆಗೆ ತಿಳಿಸ್ತೀನಿ.

ರಕ್ತ ಬೇದಿ ಜೊತೆ ಜ್ವರ ಇದ್ರೆ ರಕ್ತ ಬೇದಿ ತರೋ ಶಿಗೆಲ್ಲ ಅನ್ನೋ ಬ್ಯಾಕ್ಟೀರಿಯಾ ಅಂತಲೇ ಹಿಡಿದು ಆಂಟಿಬಯೋಟಿಕ್ ಶುರು ಮಾಡ್ತೀನಿ. ಒಂದು ಕಾಲಕ್ಕೆ ನಾಲಿಡಿಕ್ಸಿಕ್ ಆಸಿಡ್ ಸಾಕಾಗ್ತಿತ್ತು, ಅದು ಕೆಲಸ ಮಾಡೋದು ನಿಂತೋಯ್ತು, ಆಮೇಲೆ ಸಿಪ್ರೋ (ಸಿಪ್ರೋಫ್ಲಾಕ್ಸಾಸಿನ್) ಬಂತು, ಈಗ ನಮ್ಮ ದೇಶದಲ್ಲಿ ಅದನ್ನೂ ನೆಚ್ಕೊಳ್ಳೋ ಹಾಗಿಲ್ಲ. ದೊಡ್ಡೋರಿಗೆ ಅಜಿತ್ರೋಮೈಸಿನ್ 500 ಮಿಲಿಗ್ರಾಂ ದಿನಕ್ಕೊಂದು, 3 ದಿನ ಕೊಡ್ತೀನಿ, ತೀರಾ ಸುಸ್ತಾಗಿದ್ರೆ ಅಡ್ಮಿಟ್ ಮಾಡ್ಸಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಬೇದಿ ಕಟ್ಟೋ ಲೋಪೆರಮೈಡ್ ರಕ್ತ ಹೋಗೋವಾಗ ಕೊಡಲೇಬಾರದು.

ಆಗೋದಾದ್ರೆ ಮೊದಲ ಡೋಸ್‌ಗೂ ಮುಂಚೆ ಕಲ್ಚರ್‌ಗೆ, ಅಂದ್ರೆ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿ ಕೆಲಸ ಮಾಡುತ್ತೆ ಅಂತ ನೋಡೋಕೆ, ಬೇದಿ ಸ್ಯಾಂಪಲ್ ತಗೋತೀನಿ. ಶಿಗೆಲ್ಲ ಬರೀ ಡಬ್ಬಿಲಿ ಬೇಗ ಸತ್ತೋಗುತ್ತೆ, ಲ್ಯಾಬ್ ತಲುಪೋಷ್ಟರಲ್ಲಿ ಏನೂ ಬೆಳೆಯಲ್ಲ, ಅದಕ್ಕೆ ದಾರೀಲಿ ಅದನ್ನ ಬದುಕಿಸಿ ಇಡೋ ಕ್ಯಾರಿ ಬ್ಲೇರ್ ಟ್ಯೂಬ್ ಇಟ್ಕೊಂಡಿದೀನಿ, ಬಸ್ಸಲ್ಲಿ ಮಂಡ್ಯಕ್ಕೆ ಹೋಗುತ್ತೆ. 48 ಗಂಟೆಲಿ ರಕ್ತ ಕಮ್ಮಿ ಆಗ್ಲಿಲ್ಲ ಅಂದ್ರೆ ಆ ರಿಪೋರ್ಟೇ ನನಗೆ ದಾರಿ.

ನನಗೆ ಸಂಕಟ ಆಗೋದು ಅಜಿತ್ರೋನ ಬರೀ ನೆಗಡಿ ಕೆಮ್ಮಿಗೆಲ್ಲ ಕೊಡೋದು ನೋಡಿದಾಗ. ಹಾಗೆ ಸುಮ್ನೆ ಕೊಡ್ತಾ ಹೋದ್ರೆ ಬ್ಯಾಕ್ಟೀರಿಯಾ ಔಷಧಿನ ತಡ್ಕೊಳ್ಳೋಕೆ ಶುರು ಮಾಡುತ್ತೆ, ಆ ಶಕ್ತಿನ ಒಂದು ಬ್ಯಾಕ್ಟೀರಿಯಾ ಬೇರೆ ಜಾತಿದಕ್ಕೂ ದಾಟಿಸುತ್ತೆ, 1950ರ ದಶಕದಲ್ಲೇ ಜಪಾನಲ್ಲಿ ಇದೇ ಶಿಗೆಲ್ಲದಲ್ಲಿ ಕಂಡಿದ್ರು. ಅಜಿತ್ರೋನೂ ಹೋದ್ರೆ ಹಳ್ಳಿ ಮಗೂಗೆ ಬಾಯಲ್ಲಿ ಕೊಡೋಕೆ ಏನು ಉಳಿಯುತ್ತೆ?

ಈಗ ಬಂದ ರಿಪೋರ್ಟೆಲ್ಲ ಹೆಸರು ಬಿಟ್ಟು ನೋಟ್‌ಬುಕ್ಕಲ್ಲಿ ಬರ್ದು, ಯಾವುದು ಕೆಲಸ ಮಾಡ್ತು ಯಾವುದು ಇಲ್ಲ ಅಂತ ಸುತ್ತಮುತ್ತ ಡಾಕ್ಟ್ರುಗಳಿಗೆ, ಮೆಡಿಕಲ್ ಸ್ಟೋರ್‌ನೋರಿಗೂ ವಾಟ್ಸಾಪ್ ಮಾಡ್ತೀನಿ.