ಮೂಡಗಾಳಿಗೆ ತಾಡಪತ್ರಿ ಹಾಯಿ: ಪ್ಯಾಡಲ್‌ಬೋರ್ಡ್ ಎದುರುಗಾಳಿ ಏರಿದ್ದು ಹೇಗೆ

ಕೆರೆಯಲ್ಲಿ ಹಾಯಿ ಓಡಿಸುತ್ತೇನೆ ಅಂದಾಗ “ಗಾಳಿ ಬೇಕಂದ್ರ ಕಪ್ಪತಗುಡ್ಡಕ್ಕ ಹೋಗ್ರಿ, ಕೆರ್ಯಾಗ ಏನೈತ್ರಿ?” ಅಂದವರೇ ಹೆಚ್ಚು. ಉಳಿದವರ ತಕರಾರು ಇನ್ನೂ ಗಟ್ಟಿ: ನಿಂತು ಹುಟ್ಟು ಹಾಕುವ, ಗಾಳಿ ತುಂಬುವ ಬೋರ್ಡಿಗೆ ಹಾಯಿ ಕಟ್ಟಿದರೆ ಅದು ಗಾಳಿ ಹೋದ ಕಡೆಗೇ ಹೋಗುತ್ತದೆ, ವಾಪಸ್ ಹುಟ್ಟು ಹಾಕಿಕೊಂಡೇ ಬರಬೇಕು. ಮೊದಲ ಎರಡು ಹಂಗಾಮು ಅವರ ಮಾತೇ ಖರೆ ಆಯಿತು. ಈಗ ಅದೇ ಹತ್ತೂವರೆ ಅಡಿ ಬೋರ್ಡು ಗಾಳಿಗೆ ಸುಮಾರು 60 ಡಿಗ್ರಿ ಓರೆಯಲ್ಲಿ ಎದುರು ಏರುತ್ತದೆ. ರೇಸಿನ ದೋಣಿಗಳು 45ರ ಸುತ್ತ ಏರುತ್ತವೆ, ಗೊತ್ತು. ಅವು ತಾಡಪತ್ರಿ ಕಟ್ಟಿಕೊಂಡು ಏರಲಿ ನೋಡೋಣ.

ಹಂಗಾಮು ಮುಖ್ಯ. ಮುಂಗಾರಿನ ಪಡುವಣ ಗಾಳಿ ದಸರೆ ಹೊತ್ತಿಗೆ ಬೀಳುತ್ತದೆ. ಆಮೇಲೆ ಎರಡು-ಮೂರು ವಾರ ಗೊತ್ತುಗುರಿ ಇಲ್ಲದ ಗಾಳಿ, ಮಧ್ಯಾಹ್ನಕ್ಕೆ ಚಿತ್ತಿ, ಸ್ವಾತಿ ಮಳೆಯ ಗುಡುಗು. ಮೊದಲ ಗುಡುಗಿಗೇ ದಡ ಸೇರಬೇಕು. ಬಿದಿರಿನ ಕಂಬ ಅಂತ ಸಿಡಿಲು ಬಿಡುವುದಿಲ್ಲ. ದೀಪಾವಳಿ ಆಸುಪಾಸು ಮೂಡಗಾಳಿ ನೆಲೆಯೂರುತ್ತದೆ. ಬೆಳಿಗ್ಗೆ ಒಂಬತ್ತರವರೆಗೆ ನೀರು ಕನ್ನಡಿ, ಅದು ಬರೀ ಹುಟ್ಟಿನವರ ಹೊತ್ತು. ಹತ್ತು-ಹನ್ನೊಂದಕ್ಕೆ ಗಾಳಿ ಏಳುತ್ತದೆ, ಸಂಜೆ ಐದರ ಹೊತ್ತಿಗೆ ಸತ್ತುಹೋಗುತ್ತದೆ.

ದುಡ್ಡು ಹೆಚ್ಚು ಹೋಗಿದ್ದು ತಪ್ಪುಗಳಿಗೆ. ಬೋರ್ಡಿನ ಮೇಲೆ ಅಂಟಿಸಿದ ಡಿ-ರಿಂಗಿಗೆ ಕಂಬ ಬಿಗಿದರೆ ಮೂರನೇ ಜೋರುಗಾಳಿಗೆ ರಿಂಗು ಕಿತ್ತು ಬರುತ್ತದೆ. ಕಂಬಕ್ಕೆಂದು ಹಾಕಿದ, ಪರದೆ ಕಟ್ಟುವ ಒಂದು ಇಂಚಿನ ಪೈಪು ಬಾಗಿ ಬಿಲ್ಲಾಯಿತು. ನಾಲ್ಕು ಚದರ ಮೀಟರ್ ಹಾಯಿ ಎಂಬತ್ತು ಸೆಂಟಿಮೀಟರ್ ಅಗಲದ ಬೋರ್ಡನ್ನು ಮಗುಚುತ್ತದೆ, ಎರಡೂವರೆಯ ಆಸುಪಾಸು ಸಾಕು. ಸೈಕಲ್ ಟ್ಯೂಬಿನ ಸೊಲ್ಯೂಷನ್ ಹಚ್ಚಿದ ಪಂಕ್ಚರ್ ತೇಪೆ ಒಂದೇ ದಿನಕ್ಕೆ ಎದ್ದಿತು: ಅದು ರಬ್ಬರಿನ ಅಂಟು, ಬೋರ್ಡು ಪಿವಿಸಿ. ಅದಕ್ಕೆ ಪಿವಿಸಿ ಅಂಟೇ ಬೇಕು. ಅಸಿಟೋನಿನಿಂದ ಒರೆಸಿ, ಎರಡೂ ಕಡೆ ತೆಳ್ಳಗೆ ಎರಡು ಸಲ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಿ, ಒಂದು ಇಡೀ ದಿನ ಗಾಳಿ ತುಂಬದೆ ಬಿಡಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಹಾಯಿಯದಲ್ಲ, ನೀರಿನೊಳಗಿನ ಹಲಗೆಯದು. ಬೋರ್ಡಿನ ಫಿನ್ (ತಳದ ರೆಕ್ಕೆ) ಬಾಲದಲ್ಲಿದೆ, ಹಾಯಿಯ ಎಳೆತ ನಡುವಿನಲ್ಲಿ. ಬಾಲ ನೀರು ಹಿಡಿದು ನಿಲ್ಲುತ್ತದೆ, ಮೂಗು ಗಾಳಿಯ ಜೊತೆ ತಿರುಗುತ್ತದೆ. ದೊಡ್ಡ ಫಿನ್ ಹಾಕಿದಷ್ಟೂ ರೋಗ ಜಾಸ್ತಿ! ಫಿನ್ ಚಿಕ್ಕದು ಮಾಡಿ, ಬೋರ್ಡು ಅಡ್ಡ ಜಾರದಂತೆ ಪಕ್ಕದಲ್ಲಿ ನೀರಿಗಿಳಿಯುವ ಒಂದು ಇಳಿಹಲಗೆ ತೂಗಿಸಿದ ದಿನವೇ ಬೋರ್ಡು ನೆಟ್ಟಗೆ ಏರಿತು. ಹಿಂದಕ್ಕೆ ಬಾಗಿದ ಚಿಕ್ಕ ಫಿನ್ನಿಗೆ ಅಂತರಗಂಗೆಯೂ ಕಡಿಮೆ ಸಿಕ್ಕಿಕೊಳ್ಳುತ್ತದೆ. ಹುಬ್ಬಳ್ಳಿಯ ಉಣಕಲ್ಲ ಕೆರೆ ಕಂಡವರಿಗೆ ಇದರ ಬೆಲೆ ಗೊತ್ತು.

ಹಲಗೆಗೆ 12 ಎಂಎಂ ಮರೀನ್ (ನೀರು ತಾಳುವ) ಪ್ಲೈ, ಐಎಸ್ 710 ಮುದ್ರೆಯದು. ಉದ್ದ ಮೂರು ಅಡಿ, ಅಗಲ ಹತ್ತು ಇಂಚು. ಮುಂದಿನ ಅಂಚು ದುಂಡಗೆ, ಹಿಂದಿನದು ಚೂಪಾಗಿ ಉಜ್ಜಬೇಕು; ಉಜ್ಜದ ಹಲಗೆ ಗುಂಯ್ ಅನ್ನುತ್ತದೆ, ಓಟ ಕೊಲ್ಲುತ್ತದೆ. ಹಲಗೆ ತೂಗಿಸಲು 10 ಎಂಎಂ ಬೋಲ್ಟು, ಎರಡೂ ಕಡೆ ದೊಡ್ಡ ವಾಷರ್. ಹಲಗೆಯ ಜಾಗ: ಬೋರ್ಡು ಎತ್ತುವ ಹಿಡಿಕೆಗಿಂತ ಒಂದು ಗೇಣು ಹಿಂದೆ. ಕಂಬ ಮೂಗಿನಿಂದ ಮೂರೂವರೆ ಅಡಿಗೆ. ಮೂಗು ಗಾಳಿ ಬಿಟ್ಟು ಓಡಿದರೆ ಹಲಗೆ ಎರಡು ಬೆರಳು ಮುಂದೆ, ಗಾಳಿಗೇ ನುಗ್ಗಿದರೆ ಎರಡು ಬೆರಳು ಹಿಂದೆ.

ಕಂಬ ಎರಡು ಇಂಚಿನ ಒಣ ಬಿದಿರು, ಏಣಿ ಮಾರುವವರ ಹತ್ತಿರ ಸಿಗುತ್ತದೆ. ತೂತು ಕೊರೆಯಬೇಡಿ, ಸೀಳುತ್ತದೆ. ಸೈಕಲ್ ಟ್ಯೂಬ್ ಸುತ್ತಿ ಕಟ್ಟಿ. ಬುಡಕ್ಕೆ ಪ್ಲೈವುಡ್ ತಡಿ, ಅದನ್ನು ಲಾರಿಯವರ ರ್‍ಯಾಚೆಟ್ ಬೆಲ್ಟಿನಿಂದ ಬೋರ್ಡಿಗೆ ಸುತ್ತಿ ಬಿಗಿಯಿರಿ. ಬೆಲ್ಟಿನ ಬಿಗಿ ನಿಲ್ಲುವುದು ಬೋರ್ಡಿನ ಗಾಳಿಯ ಮೇಲೆ. ಬೆಳಗಿನ ತಂಪಿನಲ್ಲಿ 15 ಪಿಎಸ್‌ಐ ತುಂಬಿ ದಡದ ಬಿಸಿಲಿಗೆ ಬಿಟ್ಟರೆ ಎರಡು-ಮೂರು ಏರುತ್ತದೆ, ನೀರಿಗಿಳಿದರೆ ಮತ್ತೆ ಇಳಿಯುತ್ತದೆ. ಹಾಗಾಗಿ 13 ತುಂಬಿ, ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಆಮೇಲೆ ಪೂರ್ತಿ ಮಾಡುವುದು.

ಹಾಯಿ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ತಾಡಪತ್ರಿ. ತೆಳು ನೀಲಿಯದು ಒಂದು ವಾರಕ್ಕೆ ಜೋಲುತ್ತದೆ. ಚಪ್ಪಟೆ ಕತ್ತರಿಸಿದ ಹಾಯಿ ಎದುರು ಏರುವುದಿಲ್ಲ, ಹೊಟ್ಟೆ ಬೇಕು. ಕಂಬದ ಕಡೆಯ ಅಂಚನ್ನು ನಡುವಿನಲ್ಲಿ ಎರಡು ಇಂಚು ಉಬ್ಬಿಸಿ ಕತ್ತರಿಸಿ, ಕೆಳಮೂಲೆಯಲ್ಲಿ ಒಂದು ಮಡಿಕೆ ಹೊಲಿಯಿರಿ. ಮಡಿಕೆಯ ಅಳತೆ ಕೇಳಬೇಡಿ, ಮುಂದಿನ ರೇಸಿಗೆ ಅದೊಂದು ನನ್ನ ಹತ್ತಿರವೇ ಇರಲಿ. ಹಗ್ಗ 8 ಎಂಎಂ. ನಾಲ್ಕರದು ಅಂಗೈ ಕೊಯ್ಯುತ್ತದೆ.

ಬೋರ್ಡು ಬಿಟ್ಟು, ನೆನಪಿನ ಲೆಕ್ಕದಲ್ಲಿ ನಾಲ್ಕೂವರೆ ಸಾವಿರದೊಳಗೆ ಮುಗಿಯಿತು. ಗುಜರಿ ಸೇರಿದ್ದಕ್ಕೆ ಇನ್ನೊಂದು ಐದು ಸಾವಿರ. ಅದರಲ್ಲಿ ಎರಡು ಬೋರ್ಡು ಜೋಡಿಸಿದ ಪ್ರಯೋಗವೂ ಸೇರಿತು: ಗಾಳಿಯ ಬೆನ್ನಿಗೆ ಬಾಣದಂತೆ ಹೋಗುತ್ತದೆ, ತಿರುಗು ಅಂದರೆ ನಿಂತೇ ಬಿಡುತ್ತದೆ.

ಕೆರೆ ಆರಿಸುವಾಗ ಪಂಚಾಯಿತಿಯವರನ್ನೂ ಮೀನಿನ ಗುತ್ತಿಗೆಯವರನ್ನೂ ಕೇಳಬೇಕು, ಬಲೆ ಎಲ್ಲಿದೆ ಅಂತ ಅವರಿಗೇ ಗೊತ್ತು. ಕೋಡಿಯಿಂದಲೂ ತೂಬಿನಿಂದಲೂ ದೂರ. ಹಿಂಗಾರಿ ಪೈರಿಗೆ ತೂಬು ಎತ್ತಿದರೆ ಮೇಲಿನ ನೀರು ಸುಮ್ಮನಿದ್ದರೂ ಕೆಳಗೆ ಸೆಳೆತ ಇರುತ್ತದೆ. ಲೈಫ್ ಜಾಕೆಟ್ ಬಗ್ಗೆ ಚರ್ಚೆ ಇಲ್ಲ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಮಾತ್ರ ಬೋರ್ಡು ಒಯ್ಯಬೇಡಿ. 2024ರಿಂದ ಅದು ರಾಮ್‌ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ), ಪಟ್ಟೆತಲೆ ಹೆಬ್ಬಾತು ಬಂದಿಳಿಯುವುದೂ ಇದೇ ಹಂಗಾಮಿನಲ್ಲಿ.

ರೇಸಿಗೆ ಮೂರು ಬೋರ್ಡು ಸಾಕು. ಸೀಟಿ ರೇಸು ಬಿಡುವ ಐದು, ನಾಲ್ಕು, ಒಂದು ನಿಮಿಷ ಮೊದಲು, ಆಮೇಲೆ ಬಿಡುವಾಗ. ಎಡಗಡೆಯಿಂದ ಗಾಳಿ ಬರುವವನು ಬಲಗಡೆಯಿಂದ ಗಾಳಿ ಬರುವವನಿಗೆ ದಾರಿ ಬಿಡಬೇಕು. ತಿರುವಿನ ಗುರುತುಗಳು 20 ಲೀಟರಿನ ಎಣ್ಣೆ ಕ್ಯಾನು, ಲಂಗರು ಹದಿನೈದು ಕಿಲೋ ಉಸುಕಿನ ಚೀಲ, ಹಗ್ಗ ಆಳದ ಎರಡರಷ್ಟು. ಗಾಳಿ ಬರುವ ಕಡೆಯ ಗುರುತನ್ನು ಒಡ್ಡಿನ ಜಾಲಿ ಗಿಡಗಳ ಮರೆಯಲ್ಲಿ ಇಡಬೇಡಿ. ಗಿಡದ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ಸತ್ತಿರುತ್ತದೆ. ಮುನ್ನೂರು ಮೀಟರ್ ಏರಲು ಹದಿನೈದು ನಿಮಿಷ, ಇಳಿಯಲು ಐದು. ತಿರುವಿನಲ್ಲಿ ಇಳಿಹಲಗೆ ಕ್ಯಾನಿನ ಹಗ್ಗಕ್ಕೆ ಸಿಕ್ಕಿ ನಿಲ್ಲುವುದೇ ಹೆಚ್ಚು; ಕ್ಯಾನಿನಿಂದ ನಾಲ್ಕು ಅಡಿ ಕೆಳಗೆ ಹಗ್ಗಕ್ಕೆ ಒಂದು ಅರ್ಧ ಇಟ್ಟಂಗಿ ಕಟ್ಟಿದರೆ ಹಗ್ಗ ನೆಟ್ಟಗೆ ಇಳಿಯುತ್ತದೆ, ಹಲಗೆ ಪಕ್ಕದಲ್ಲೇ ದಾಟುತ್ತದೆ.