ಹ್ಯಾಂಗ್ ಆದ ಪ್ರೋಗ್ರಾಮನ್ನು ಮುಚ್ಚುವ ಮೊದಲು ನಾನು ನೋಡೋದು

ನಮ್ಮ ಆಫೀಸಿನಲ್ಲಿ ಮೂರು ಥರದ ಸಿಸ್ಟಮ್‌ಗಳಿವೆ. ಅಕೌಂಟ್ಸ್‌ನಲ್ಲಿ ವಿಂಡೋಸ್, ಡಿಸೈನ್ ಮಾಡುವವರ ಹತ್ತಿರ ಮ್ಯಾಕ್, ನನ್ನ ಟೇಬಲ್ ಮೇಲೆ ಉಬುಂಟು ಅನ್ನೋ ಲಿನಕ್ಸ್. ಎಲ್ಲವನ್ನೂ ನೋಡಿಕೊಳ್ಳುವವನು ನಾನೊಬ್ಬನೇ. "ಸಾರ್, ಹ್ಯಾಂಗ್ ಆಯ್ತು" ಅಂತ ಫೋನ್ ಬಂದರೆ ನಾನು ಮೊದಲು ಹೇಳೋದು ಒಂದೇ ಮಾತು: ಪವರ್ ಬಟನ್ ಮುಟ್ಟಬೇಡಿ, ಎರಡು ನಿಮಿಷ ಸುಮ್ನೆ ಕೂತಿರಿ.

ವಿಂಡೋಸ್ 'ನಾಟ್ ರೆಸ್ಪಾಂಡಿಂಗ್' ಅಂತ ತೋರಿಸಿದ ಮಾತ್ರಕ್ಕೆ ಪ್ರೋಗ್ರಾಮ್ ಕೆಲಸ ನಿಲ್ಲಿಸಿದೆ ಅಂತಲ್ಲ. ಒಂದು ವಿಂಡೋ 5 ಸೆಕೆಂಡ್‌ವರೆಗೆ ಕ್ಲಿಕ್ಕಿಗೂ ಕೀಬೋರ್ಡಿಗೂ ಓಗೊಡದಿದ್ದರೆ ವಿಂಡೋಸ್ ಅದರ ಜಾಗದಲ್ಲಿ ಮಸುಕಾದ ಒಂದು ನಕಲನ್ನು ಇಟ್ಟು, ಮೇಲೆ ಆ ಪದ ಬರೆಯುತ್ತದೆ, ಅಷ್ಟೇ. ಹಿಂದೆ ಅಸಲಿ ಪ್ರೋಗ್ರಾಮ್ ದುಡಿಯುತ್ತಲೇ ಇರಬಹುದು. ಸಾವಿರಾರು ಸಾಲಿನ ಶೀಟ್‌ಗೆ ಫಾರ್ಮುಲಾ ಎಳೆದವರ ಕಥೆ ಬಹಳ ಸಲ ಇದೇ.

ಹಾಗಾಗಿ ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯುತ್ತೇನೆ. ಮೂರು ಬೆರಳಿನ ಕಂಟ್ರೋಲ್-ಆಲ್ಟ್-ಡಿಲೀಟ್ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಒಂದು ಮೆಟ್ಟಿಲು ಜಾಸ್ತಿ. ಆ ಪ್ರೋಗ್ರಾಮಿನ ಸಾಲಿನಲ್ಲಿ ಸಿಪಿಯು ಅಥವಾ ಡಿಸ್ಕ್ ಅಂಕಿ ಏರಿಳಿಯುತ್ತಿದ್ದರೆ ಕಾಯುತ್ತೇನೆ. ಎರಡೂ ಸೊನ್ನೆಯಲ್ಲೇ ಕೂತಿದ್ದರೆ ಆಗ ಅನುಮಾನ: ಇದು ಏನನ್ನೋ ಕಾಯ್ತಾ ಇದೆ. ಏನನ್ನು?

ಅಕೌಂಟ್ಸ್‌ನಲ್ಲಿ ಒಂದು ಸಿಸ್ಟಮ್‌ನಲ್ಲಿ ಸ್ಪ್ರೆಡ್‌ಶೀಟ್ ತೆರೆದರೆ ಸಾಕು, ಬಿಳಿ ಪರದೆ ಬಂದು ನಿಂತುಬಿಡುತ್ತಿತ್ತು. ರ‍್ಯಾಮ್ ಹಾಕಿಸಿ ಅಂತ ಒಬ್ಬರು, ವೈರಸ್ ಅಂತ ಇನ್ನೊಬ್ಬರು. ನೋಡಿದರೆ ಸಿಪಿಯು ಸೊನ್ನೆ, ಡಿಸ್ಕ್ ಸೊನ್ನೆ. ಪ್ರಿಂಟರ್ ಪಟ್ಟಿ ತೆಗೆದಾಗ ಸಿಕ್ಕಿತು. ಡಿಫಾಲ್ಟ್ ಆಗಿ ಕೂತಿದ್ದದ್ದು ಯಾವತ್ತೋ ಗುಜರಿಗೆ ಹೋದ ನೆಟ್‌ವರ್ಕ್ ಪ್ರಿಂಟರ್. ಪುಟದ ಅಳತೆ ಕೇಳೋಕೆ ಪ್ರೋಗ್ರಾಮ್ ಅದನ್ನು ಹುಡುಕಿಕೊಂಡು ಹೋಗಿ, ಉತ್ತರ ಬರದೆ ಅಲ್ಲೇ ನಿಲ್ಲುತ್ತಿತ್ತು. ಡಿಫಾಲ್ಟನ್ನು ಪಿಡಿಎಫ್ ಪ್ರಿಂಟರ್‌ಗೆ ಬದಲಿಸಿದೆ, ಶೀಟ್ ತಟ್ಟನೆ ತೆರೆಯಿತು. ಇನ್ನೊಂದು ಮಾಮೂಲಿ ಕಾರಣ, 'ಸೇವ್ ಮಾಡಲಾ?' ಅಂತ ಕೇಳುವ ಪುಟ್ಟ ಡಬ್ಬಿ ಬೇರೆ ವಿಂಡೋ ಹಿಂದೆ ಅಡಗಿರೋದು. ಆಲ್ಟ್-ಟ್ಯಾಬ್ ಒತ್ತಿದರೆ ಎದುರಿಗೆ ಬರುತ್ತದೆ.

ಇಷ್ಟಾದ ಮೇಲೂ ಅಲುಗದಿದ್ದರೆ 'ಎಂಡ್ ಟಾಸ್ಕ್'. ಟಾಸ್ಕ್‌ಬಾರ್ ಮತ್ತು ಡೆಸ್ಕ್‌ಟಾಪ್ ಮಾತ್ರ ಸ್ಟ್ರಕ್ ಆಗಿದ್ದರೆ ಅದೇ ಪಟ್ಟಿಯಲ್ಲಿ 'ವಿಂಡೋಸ್ ಎಕ್ಸ್‌ಪ್ಲೋರರ್' ಹುಡುಕಿ ರೀಸ್ಟಾರ್ಟ್ ಕೊಡುತ್ತೇನೆ, ತೆರೆದಿರುವ ಬೇರೆ ಕೆಲಸಕ್ಕೆ ಏನೂ ಆಗಲ್ಲ. ಪರದೆ ಕಪ್ಪಾಗಿ ನಿಂತರೆ ವಿಂಡೋಸ್-ಕಂಟ್ರೋಲ್-ಶಿಫ್ಟ್-ಬಿ. ಇದು ಡಿಸ್‌ಪ್ಲೇ ಡ್ರೈವರನ್ನು, ಅಂದರೆ ಪರದೆ ನಡೆಸುವ ಸಾಫ್ಟ್‌ವೇರನ್ನು, ಹೊಸದಾಗಿ ಶುರು ಮಾಡುತ್ತದೆ, ಈ ಕೀಲಿ ಗೊತ್ತಿರುವವರು ಕಡಿಮೆ. ಮೈಕ್ರೋಸಾಫ್ಟ್ ಆಫೀಸ್ ಫೈಲ್‌ಗಳ ಆಟೋರಿಕವರ್, ಅಂದರೆ ತಾನಾಗಿಯೇ ಒಂದು ಪ್ರತಿ ಉಳಿಸಿಡುವ ವ್ಯವಸ್ಥೆ, ಮೊದಲಿಂದಲೂ 10 ನಿಮಿಷಕ್ಕೊಮ್ಮೆ ಅಂತ ಇರುತ್ತದೆ. ನಾನು ಎಲ್ಲರಿಗೂ ಅದನ್ನು ಇಳಿಸಿಟ್ಟಿದ್ದೇನೆ, ಯಾಕಂದ್ರೆ ಜಿಎಸ್‌ಟಿ ಫೈಲ್ ಮಾಡೋ ದಿನ ಹತ್ತು ನಿಮಿಷದ ಎಂಟ್ರಿ ಹೋದರೆ ಬೈಸಿಕೊಳ್ಳೋನು ನಾನೇ ಅಲ್ವಾ!

ಮ್ಯಾಕ್‌ದು ಸುಲಭ. ಬಣ್ಣದ ಚಕ್ರ ತಿರುಗುತ್ತಾ ನಿಂತರೆ ಕಮಾಂಡ್-ಆಪ್ಷನ್-ಎಸ್ಕೇಪ್, ಪಟ್ಟಿಯಲ್ಲಿ ಆಯ್ಕೆ ಮಾಡಿ ಫೋರ್ಸ್ ಕ್ವಿಟ್. ನಿಂತಿರೋದು ಫೈಂಡರ್ (ಮ್ಯಾಕ್‌ನಲ್ಲಿ ಫೈಲ್, ಫೋಲ್ಡರ್ ತೋರಿಸುವ ಪ್ರೋಗ್ರಾಮ್) ಆಗಿದ್ದರೆ ಅದೇ ಬಟನ್ 'ರೀಲಾಂಚ್' ಆಗುತ್ತದೆ. ಕಾರಣ ತಿಳಿಯಬೇಕಿದ್ದರೆ ಮ್ಯಾಕ್‌ನ ಟಾಸ್ಕ್ ಮ್ಯಾನೇಜರ್ ಅನ್ನಬಹುದಾದ ಆಕ್ಟಿವಿಟಿ ಮಾನಿಟರ್‌ನಲ್ಲಿ ಮೆಮೊರಿ ನೋಡಿ. ನಮ್ಮಲ್ಲಿ ಹೆಚ್ಚಿನ ಸಲ ಅಪರಾಧಿ ಅಲ್ಲೇ ಸಿಗುತ್ತಾನೆ, ತುಂಬಾ ದೊಡ್ಡ ಬ್ಯಾನರ್ ಫೈಲ್‌ಗಳು.

ಲಿನಕ್ಸ್‌ನಲ್ಲಿ ನನಗೆ ಕೈ ಜಾಸ್ತಿ ಓಡುತ್ತದೆ. ಪರದೆ ಪೂರ್ತಿ ನಿಂತರೂ ಕಂಟ್ರೋಲ್-ಆಲ್ಟ್-ಎಫ್3 ಒತ್ತಿದರೆ ಕಪ್ಪು ಟರ್ಮಿನಲ್ ಬರುತ್ತದೆ, ಲಾಗಿನ್ ಆಗಿ 'ಟಾಪ್' ಕೊಟ್ಟರೆ ಯಾವ ಪ್ರೋಗ್ರಾಮ್ ಸಿಪಿಯು, ಮೆಮೊರಿ ತಿನ್ನುತ್ತಿದೆ ಅಂತ ಗೊತ್ತಾಗುತ್ತದೆ. ಆಮೇಲೆ 'ಕಿಲ್' ಬರೆದು, ಆ ಪಟ್ಟಿಯಲ್ಲಿ ಅದರ ಸಾಲಿನಲ್ಲಿರುವ ನಂಬರ್ (ಪಿಐಡಿ) ಕೊಡೋದು. ಬರೀ 'ಕಿಲ್' ಅಂದರೆ 15ನೇ ಸಿಗ್ನಲ್, 'ಮುಗಿಸಿಕೊಂಡು ಹೊರಡಪ್ಪ' ಅಂದ ಹಾಗೆ. ತಾತ್ಕಾಲಿಕ ಫೈಲ್ ಅಳಿಸಿ, ಡೇಟಾ ಬರೆದು ಹೋಗೋಕೆ ಪ್ರೋಗ್ರಾಮಿಗೆ ಸಮಯ ಸಿಗುತ್ತದೆ. 'ಕಿಲ್ ಮೈನಸ್ 9' ಅಂದರೆ ಪ್ರೋಗ್ರಾಮಿಗೆ ಸುದ್ದಿಯೇ ಹೋಗಲ್ಲ, ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ನೇರವಾಗಿ ಮುಗಿಸಿಬಿಡುತ್ತದೆ. ಡೇಟಾಬೇಸ್ ಮೇಲೆ ಮೊದಲ ಏಟಿಗೇ 9 ಬಳಸುವವರನ್ನು ಕಂಡರೆ ನನಗೆ ಆಗಲ್ಲ.

ಅಪರೂಪಕ್ಕೆ 9ಕ್ಕೂ ಜಗ್ಗದ್ದು ಸಿಗುತ್ತದೆ. 'ಟಾಪ್'ನಲ್ಲಿ ಅದರ ಸ್ಥಿತಿಯ ಜಾಗದಲ್ಲಿ 'ಡಿ' ಅಂತ ಇರುತ್ತದೆ. ಡಿಸ್ಕಿನಿಂದಲೋ ನೆಟ್‌ವರ್ಕ್ ಫೋಲ್ಡರಿನಿಂದಲೋ ಉತ್ತರಕ್ಕೆ ಕರ್ನಲ್ ಒಳಗೇ ಕಾಯುತ್ತಿರುವ ಪ್ರೋಗ್ರಾಮ್ ಅದು. ಉತ್ತರ ಬರುವವರೆಗೆ ಸಿಗ್ನಲ್ ಕೇಳಿಸಿಕೊಳ್ಳಲ್ಲ, ಕಿಲ್ ಕೊಡ್ತಾ ಕೂರೋದು ದಂಡ. ನಾನು ಆಗ ಕೇಬಲ್, ಪೆನ್‌ಡ್ರೈವ್, ಸರ್ವರ್ ನೋಡ್ತೀನಿ. ಯಾವುದೂ ದಾರಿಗೆ ಬರದೆ ರೀಬೂಟೇ ಗತಿ ಅಂದಾಗಲೂ ಪವರ್ ಬಟನ್‌ಗೆ ಹೋಗಲ್ಲ. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದುಕೊಂಡು ನಿಧಾನಕ್ಕೆ ಎಸ್, ಯು, ಬಿ: ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆ, ಡಿಸ್ಕನ್ನು ಓದೋಕೆ ಮಾತ್ರ ಅಂತ ಮಾಡು, ರೀಬೂಟ್ ಆಗು. ಉಬುಂಟುವಿನಲ್ಲಿ ಏನೂ ಬದಲಿಸದೆ ಈ ಮೂರಕ್ಕೂ ಅನುಮತಿ ಇದೆ. ಲ್ಯಾಪ್‌ಟಾಪ್ ಆದರೆ ಪ್ರಿಂಟ್‌ಸ್ಕ್ರೀನ್‌ಗೆ ಎಫ್‌ಎನ್ ಕೀಲಿಯೂ ಬೇಕಾಗಬಹುದು, ಎಲ್ಲ ಸರಿಯಿದ್ದಾಗಲೇ ಒಮ್ಮೆ ಒತ್ತಿ ನೋಡಿಟ್ಟುಕೊಳ್ಳಿ.