ಹೊಳೆನರಸೀಪುರದ ಕೆಂಪು ಕಲ್ಲು: ಗಾರ್ನೆಟ್ ಹೌದೋ ಅಲ್ಲವೋ

ಹೊಳೆನರಸೀಪುರದ ಸುತ್ತಲಿನ ಶಿಸ್ಟ್ (ಪದರಪದರವಾಗಿರುವ) ಬಂಡೆಗಳಲ್ಲಿ ಗಾರ್ನೆಟ್, ಸ್ಟಾರೋಲೈಟ್, ಕಯನೈಟ್ ಎಂಬ ಮೂರೂ ಖನಿಜಗಳಿವೆ. ಬಂಡೆ ಸವೆದ ಕಡೆ ಕೊರಕಲುಗಳಲ್ಲಿ ಕಂದುಗೆಂಪು ಕಲ್ಲುಗಳು ಬಿಡಿಬಿಡಿಯಾಗಿ ಸಿಗುತ್ತವೆ. ಬಣ್ಣ ನೋಡಿ ಹೆಸರಿಡುವುದನ್ನು ಬಿಟ್ಟಿದ್ದೇನೆ. ಆಕಾರ ಸ್ವಲ್ಪ ನಂಬಬಹುದು: ಗಾರ್ನೆಟ್ 12 ಮುಖದ ಗುಂಡು, ಸ್ಟಾರೋಲೈಟ್ ಕಂಬದ ಹಾಗೆ ಉದ್ದ, ಕೆಲವೊಮ್ಮೆ ಶಿಲುಬೆಯಂತೆ ಜೋಡಿ. ಆದರೆ ಹಳ್ಳದಲ್ಲಿ ಉರುಳಿ ಬಂದ ಕಲ್ಲಿಗೆ ಮುಖವೇ ಉಳಿದಿರುವುದಿಲ್ಲ.

ಹಾಗಾಗಿ ನೀರಲ್ಲಿ ತೂಗುತ್ತೇನೆ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಕಲ್ಲಿಗೆ ಅಂಟಿದ ಕಾಗೆಬಂಗಾರವನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ ತೂಗಬೇಕು. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ತೆಳು ದಾರದಲ್ಲಿ ಮುಳುಗಿಸಬೇಕು. ತಳಕ್ಕೂ ಪಕ್ಕಕ್ಕೂ ತಾಗಬಾರದು. ಕೈಯಲ್ಲಿ ಹಿಡಿದರೆ ಅಂಕಿ ಕುಣಿಯುತ್ತದೆ, ದಾರವನ್ನು ಅಡ್ಡಕಡ್ಡಿಗೆ ಕಟ್ಟಿ. ಒಣ ತೂಕ 8.20, ಮುಳುಗಿದಾಗ 2.00 ಬಂತೆನ್ನಿ: ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, 4.10. ಶುದ್ಧ ಆಲ್ಮಂಡೈನ್‌ಗೆ (ಕಬ್ಬಿಣವಿರುವ ಕೆಂಪು ಗಾರ್ನೆಟ್) 4.3, ಒಳಗೆ ಬೆಣಚುಕಲ್ಲಿನ ಕಣ ಸಿಕ್ಕಿಕೊಂಡಿದ್ದರೆ ಇಳಿಯುತ್ತದೆ. ಸ್ಟಾರೋಲೈಟ್ 3.7ರ ಆಸುಪಾಸು.

ಸಾಂದ್ರತೆ ಕಡಿಮೆ ಬಂದರೆ ಮೊದಲ ಅನುಮಾನ ಗಾಳಿಗುಳ್ಳೆಯ ಮೇಲೆ. ಕುದಿಸಿ ಆರಿಸಿದ ನೀರು, ಒಂದು ತೊಟ್ಟು ಸೋಪು ಹಾಕಿದರೆ ಗುಳ್ಳೆ ಅಂಟುವುದಿಲ್ಲ. 0.2 ಗ್ರಾಂನ ಚೂರನ್ನು ಹೀಗೆ ತೂಗುವುದು ದಂಡ: ಮುಳುಗಿದಾಗ ಬರುವುದೇ 0.05, ಅದರಲ್ಲಿ 0.01 ಹೆಚ್ಚುಕಡಿಮೆಯಾದರೆ ಶೇಕಡಾ 20 ತಪ್ಪು. 5 ಗ್ರಾಂಗಿಂತ ದೊಡ್ಡದನ್ನೇ ಆರಿಸಿ.

ಸಾಂದ್ರತೆಯೊಂದೇ ಸಾಲದು, ಏಕೆಂದರೆ ಕೆಂಪಗಿರುವ ಮಾಣಿಕ್ಯದ್ದೂ 4.0. ಇಲ್ಲಿ ಅಯಸ್ಕಾಂತ ಬೇಕು. ಥರ್ಮಾಕೋಲ್ ಚೂರಿನ ಮೇಲೆ ಕಲ್ಲಿಟ್ಟು ಅಗಲ ಪಾತ್ರೆಯಲ್ಲಿ ತೇಲಿಸಿ, ನಿಯೋಡಿಮಿಯಂ ಅಯಸ್ಕಾಂತವನ್ನು ತಾಗಿಸದೆ ಹತ್ತಿರ ಹಿಡಿದರೆ ಆಲ್ಮಂಡೈನ್ ಅದರ ಕಬ್ಬಿಣದಿಂದಾಗಿ ನಿಧಾನಕ್ಕೆ ತೇಲಿ ಬರುತ್ತದೆ. ಮಾಣಿಕ್ಯ ಕದಲುವುದಿಲ್ಲ. ಫ್ಯಾನ್ ಆರಿಸಿರಬೇಕು, ಇಲ್ಲದಿದ್ದರೆ ಎಲ್ಲ ಕಲ್ಲೂ ಗಾರ್ನೆಟ್ಟೇ! ಫ್ರಿಜ್ ಬಾಗಿಲಿಗೆ ಅಂಟಿಸುವ ಸಾದಾ ಅಯಸ್ಕಾಂತಕ್ಕೂ ಹಾರಿ ಅಂಟಿದರೆ ಅದರಲ್ಲಿ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಬಲವಾಗಿ ಅಂಟುವ ಕಬ್ಬಿಣದ ಅದಿರು) ಇದೆ ಎಂದರ್ಥ.

ಉಂಗುರದ ಗೋಮೇಧಿಕವೂ ಗಾರ್ನೆಟ್ ಗುಂಪಿನದೇ, ಗ್ರಾಸ್ಯುಲರ್ ಜಾತಿ. ಸಾಂದ್ರತೆ 3.6ರ ಹತ್ತಿರ, ಕಬ್ಬಿಣ ಕಡಿಮೆಯಾದ್ದರಿಂದ ಸೆಳೆತವೂ ಕಡಿಮೆ. ತೂಗುವ ಮುನ್ನ ಉಂಗುರದಿಂದ ಬಿಡಿಸಲೇಬೇಕು.